ಜೆ. ಯಂಗ್ ಎನ್‌ಎಂಆರ್ ಟ್ಯೂಬ್: ಗಾಳಿ ಸೋಕಬಾರದ ಫಾಸ್ಫೀನ್ ಸಂಕೀರ್ಣಗಳಿಗೆ ತಕ್ಕ, ಆದರೆ ದುಬಾರಿಯಾದ ಸಾಧನ

ಎನ್‌ಎಂಆರ್ ಎಂದರೆ ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳು ಕೊಡುವ ರೇಡಿಯೊ ಸಂಕೇತಗಳಿಂದ ಅಣುವಿನ ರಚನೆಯನ್ನು ತಿಳಿಯುವ ವಿಧಾನ, ಅದಕ್ಕಾಗಿ ದ್ರಾವಣ ತುಂಬುವ ಗಾಜಿನ ಕೊಳವೆಯೇ ಎನ್‌ಎಂಆರ್ ಟ್ಯೂಬ್. ಐದು ಮಿಲಿಮೀಟರ್ ಹೊರವ್ಯಾಸದ ಸಾಧಾರಣ ಎನ್‌ಎಂಆರ್ ಟ್ಯೂಬಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳದ ಬದಲು ಟೆಫ್ಲಾನ್ ತಿರುಪಿರುವ ಪುಟ್ಟ ಗಾಜಿನ ಕವಾಟವನ್ನು ಬೆಸೆದ ವಸ್ತುವಿಗೆ ಪ್ರಯೋಗಶಾಲೆಗಳಲ್ಲಿ ಜೆ. ಯಂಗ್ ಟ್ಯೂಬ್ ಎಂಬ ಹೆಸರಿದೆ. ಗ್ರೀಸ್ ಬೇಡದ ಟೆಫ್ಲಾನ್ ಕವಾಟಗಳಿಗೆ ಹೆಸರಾದ ಬ್ರಿಟಿಷ್ ಕಂಪನಿಯೊಂದರಿಂದ ಬಂದ ಹೆಸರಿದು. ಈಗ ಯಾರು ತಯಾರಿಸಿದರೂ ಈ ಮಾದರಿಯ ಟ್ಯೂಬಿಗೆ ಇದೇ ಹೆಸರು ಸಲ್ಲುತ್ತಿದೆ. ಹಾಗಾಗಿ ಈ ವಿಮರ್ಶೆ ಒಂದು ಕಂಪನಿಯ ಮಾಲಿನದಲ್ಲ, ಆ ಮಾದರಿಯದು. ಲೋಹ ಮತ್ತು ಫಾಸ್ಫೀನ್‌ಗಳ (ರಂಜಕದ ಪರಮಾಣುವಿಗೆ ಸಾವಯವ ಗುಂಪುಗಳು ಜೋಡಿಸಿರುವ ಸಂಯುಕ್ತಗಳ) ಸಂಕೀರ್ಣಗಳನ್ನು ತಯಾರಿಸಿ ಅವುಗಳ ಸ್ವರೂಪವನ್ನು ಗುರುತಿಸುವ ಕೆಲಸದಲ್ಲಿ ಈ ಟ್ಯೂಬನ್ನು ದಿನನಿತ್ಯ ಬಳಸುವವನಾಗಿ, ಕೊಳ್ಳಲು ಹೊರಟವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೇ ಮಾದರಿಯನ್ನು (ಸ್ಯಾಂಪಲ್) ಗಾಳಿಗೆ ಒಡ್ಡದೆ ಮತ್ತೆ ಮತ್ತೆ ತೆರೆದು, ಅನಿಲ ತುಂಬಿ, ಮುಚ್ಚಿ, ರೋಹಿತ (ಸ್ಪೆಕ್ಟ್ರಂ) ತೆಗೆಯಬೇಕಾದಾಗ ಇದಕ್ಕೆ ಸಾಟಿಯಿಲ್ಲ, ಉಳಿದ ಬಹುತೇಕ ಕೆಲಸಗಳಿಗೆ ಇದು ಅನಗತ್ಯ ಖರ್ಚು.

ರಂಜಕದ ರಸಾಯನದಲ್ಲಿ ಈ ಟ್ಯೂಬಿಗೆ ಇಷ್ಟು ಬೆಲೆ ಬರಲು ಕಾರಣ ರಂಜಕದ ಪರಮಾಣುವೇ. ನಿಸರ್ಗದಲ್ಲಿ ಸಿಗುವ ರಂಜಕವೆಲ್ಲವೂ ಫಾಸ್ಫರಸ್-31, ಅಂದರೆ ನೂರಕ್ಕೆ ನೂರು ಒಂದೇ ಐಸೊಟೋಪು, ಅದರ ಸ್ಪಿನ್ (ಎನ್‌ಎಂಆರ್ ಸಂಕೇತಕ್ಕೆ ಕಾರಣವಾದ ಬೀಜದ ಗುಣ) ಅರ್ಧ. 400 ಮೆಗಾಹರ್ಟ್ಜ್ ಯಂತ್ರದಲ್ಲಿ ಇದರ ಸಂಕೇತ 162 ಮೆಗಾಹರ್ಟ್ಜ್‌ನಲ್ಲಿ ಸಿಗುತ್ತದೆ, ಮತ್ತು ನೈಸರ್ಗಿಕ ಕಾರ್ಬನ್-13ಕ್ಕೆ ಹೋಲಿಸಿದರೆ ಗ್ರಹಿಕೆಯ ಸುಲಭತೆ 350ಕ್ಕೂ ಹೆಚ್ಚು ಪಟ್ಟು. ಕಾರ್ಬನ್ ರೋಹಿತಕ್ಕೆ ರಾತ್ರಿಯಿಡೀ ಯಂತ್ರ ಕಾಯ್ದಿರಿಸಬೇಕಾದಷ್ಟು ಕಡಿಮೆ ಮಾದರಿಯಿಂದ ರಂಜಕದ ರೋಹಿತವನ್ನು ಒಂದು ಕಾಫಿ ಮುಗಿಯುವಷ್ಟರಲ್ಲಿ ಪಡೆಯಬಹುದು. ಇನ್ನೊಂದು ಅನುಕೂಲವೆಂದರೆ ಸಂಕೇತಗಳು ಹರಡಿಕೊಳ್ಳುವ ವ್ಯಾಪ್ತಿ. 85 ಪ್ರತಿಶತ ಫಾಸ್ಫಾರಿಕ್ ಆಮ್ಲವನ್ನು ಸೊನ್ನೆ ಎಂದಿಟ್ಟುಕೊಂಡರೆ ಟ್ರೈಫೀನೈಲ್‌ಫಾಸ್ಫೀನ್ ಸುಮಾರು −5 ಪಿಪಿಎಂನಲ್ಲಿ (ಗೆರೆಯ ಸ್ಥಾನ ಹೇಳುವ ಮಾನ, ಹತ್ತು ಲಕ್ಷದಲ್ಲಿ ಒಂದು ಭಾಗ), ಟ್ರೈಮೀಥೈಲ್‌ಫಾಸ್ಫೀನ್ −62ರಲ್ಲಿ, ಟ್ರೈ-ಟರ್ಷಿಯರಿ-ಬ್ಯುಟೈಲ್‌ಫಾಸ್ಫೀನ್ +62ರ ಆಸುಪಾಸಿನಲ್ಲಿ, ಕ್ಲೋರೊಡೈಫೀನೈಲ್‌ಫಾಸ್ಫೀನ್ +82ರಲ್ಲಿ, ರಂಜಕದ ಟ್ರೈಕ್ಲೋರೈಡ್ +220ರ ಬಳಿ ಕಾಣುತ್ತವೆ. ಒಂದಕ್ಕೊಂದು ತಾಗದಷ್ಟು ದೂರ ನಿಂತ ಈ ಗೆರೆಗಳನ್ನು ನೋಡಿಯೇ ಬೀಕರಿನಲ್ಲಿ ಏನಿದೆ, ಏನು ಉಳಿದಿದೆ, ಏನು ಕೆಟ್ಟಿದೆ ಎಂಬುದನ್ನು ಹೇಳಬಹುದು.

ಕೆಡುವ ವಿಷಯವೇ ಇಲ್ಲಿ ಮುಖ್ಯ. ಫಾಸ್ಫೀನ್ ಆಮ್ಲಜನಕವನ್ನು ಹಿಡಿದುಕೊಂಡರೆ ಫಾಸ್ಫೀನ್ ಆಕ್ಸೈಡ್ ಆಗುತ್ತದೆ, ಮತ್ತು ಅದು ಲೋಹವನ್ನು ಬಿಟ್ಟು ಹೊರಬೀಳುತ್ತದೆ. ಟ್ರೈಫೀನೈಲ್‌ಫಾಸ್ಫೀನ್‌ನ ಆಕ್ಸೈಡಿನ ಗೆರೆ ಕ್ಲೋರೊಫಾರ್ಮ್‌ನಲ್ಲಿ +29ರ ಬಳಿ ಏಳುತ್ತದೆ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಯಾರಿಗೂ ಆ ಗೆರೆಯ ಪರಿಚಯ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಘನರೂಪದ ಟ್ರೈಫೀನೈಲ್‌ಫಾಸ್ಫೀನ್ ಬಾಟಲಿಯನ್ನು ಗಾಳಿಯಲ್ಲಿ ತೆರೆದು ತೂಗಬಹುದು, ಅದಕ್ಕೆ ಯಾವ ಕವಾಟವೂ ಬೇಡ. ಆದರೆ ಟ್ರೈಸೈಕ್ಲೋಹೆಕ್ಸೈಲ್, ಟ್ರೈ-ಟರ್ಷಿಯರಿ-ಬ್ಯುಟೈಲ್, ಟ್ರೈಮೀಥೈಲ್ ಫಾಸ್ಫೀನ್‌ಗಳು ಅಷ್ಟು ತಾಳ್ಮೆಯವಲ್ಲ, ಅವುಗಳ ಶೂನ್ಯ ಉತ್ಕರ್ಷಣ ಸ್ಥಿತಿಯ ಲೋಹ ಸಂಕೀರ್ಣಗಳಂತೂ ಇನ್ನೂ ಅಸಹನೆಯವು. ಸಾಧಾರಣ ಟ್ಯೂಬಿಗೆ ರಬ್ಬರ್ ಸೆಪ್ಟಮ್ (ಸೂಜಿ ತೂರಿಸಬಹುದಾದ ಬಿರಡೆ) ಹಾಕಿ, ಮೇಲೆ ಪ್ಯಾರಾಫಿಲ್ಮ್ ಸುತ್ತಿ ಒಯ್ಯುವ ಪದ್ಧತಿ ಒಂದೆರಡು ಗಂಟೆಯ ಕೆಲಸಕ್ಕೆ ಸಾಕಾಗಬಹುದು. ಸೂಜಿ ತೂರಿದ ಸೆಪ್ಟಮನ್ನು ಮರುದಿನ ನಂಬುವುದು ಮಾತ್ರ ಸಲ್ಲದು. ಟ್ಯೂಬಿನ ಕತ್ತನ್ನು ಬೆಂಕಿಯಲ್ಲಿ ಕರಗಿಸಿ ಶಾಶ್ವತವಾಗಿ ಮುಚ್ಚುವುದು ಅತ್ಯಂತ ಭದ್ರವಾದ ವಿಧಾನವಾದರೂ, ಒಮ್ಮೆ ಮುಚ್ಚಿದ ಮೇಲೆ ಒಳಗೆ ಏನನ್ನೂ ಸೇರಿಸುವಂತಿಲ್ಲ. ಜೆ. ಯಂಗ್ ಟ್ಯೂಬ್ ನಿಲ್ಲುವುದು ಈ ಎರಡರ ನಡುವಿನ ಜಾಗದಲ್ಲಿ.

ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗಿನ ಭಾಗ ತೆಳುಗೋಡೆಯ, ಅತ್ಯಂತ ನಿಖರವಾಗಿ ಎಳೆದ ಬೋರೊಸಿಲಿಕೇಟ್ ಕೊಳವೆ. ಮೇಲಿನ ಭಾಗ ದಪ್ಪ ಗಾಜಿನ ಕವಾಟದ ಗೂಡು, ಅದರೊಳಗೆ ತಿರುಪಿನ ಮೂಲಕ ಇಳಿದು ಗಾಜಿನ ಆಸನದ ಮೇಲೆ ಕೂರುವ ಟೆಫ್ಲಾನ್ ಮೊಳೆ. ಪಕ್ಕದಲ್ಲಿ ಅಥವಾ ತುದಿಯಲ್ಲಿ ಶ್ಲೆಂಕ್ ಲೈನಿಗೆ (ನಿರ್ವಾತ ಮತ್ತು ಜಡ ಅನಿಲ ಎರಡನ್ನೂ ಕೊಡುವ ಗಾಜಿನ ಕೊಳವೆ ವ್ಯವಸ್ಥೆಗೆ) ಜೋಡಿಸುವ ಬಾಯಿ. ದಪ್ಪ ಗಾಜು ಮತ್ತು ತೆಳು ಗಾಜು ಸೇರುವ ಬೆಸುಗೆಯೇ ಇಡೀ ಸಾಧನದ ದುರ್ಬಲ ಸ್ಥಾನ. ನಮ್ಮ ಸಂಸ್ಥೆಯಲ್ಲಿ ಗಾಜು ಊದುವ ಕೆಲಸ ಮಾಡುವ ಹಿರಿಯರೊಬ್ಬರಿಗೆ ಮುರಿದ ಟ್ಯೂಬೊಂದನ್ನು ತೋರಿಸಿ ಸರಿಪಡಿಸಬಹುದೇ ಎಂದು ಕೇಳಿದಾಗ, ಅವರು ಅದನ್ನು ದೀಪದ ಬೆಳಕಿಗೆ ಹಿಡಿದು ಬೆರಳುಗಳ ನಡುವೆ ಉರುಳಿಸುತ್ತಾ, "ಅಂಟಿಸಿಕೊಡೋದು ದೊಡ್ಡದಲ್ಲ ಸಾರ್, ನೆಟ್ಟಗೆ ನಿಲ್ಲಿಸೋದೇ ಕಷ್ಟ" ಎಂದರು. ಅವರ ಮಾತು ಅಕ್ಷರಶಃ ಸರಿ. ಕವಾಟದ ಅಕ್ಷ ಮತ್ತು ಕೊಳವೆಯ ಅಕ್ಷ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಯಂತ್ರದೊಳಗೆ ಟ್ಯೂಬನ್ನು ತಿರುಗಿಸಿದಾಗ ಅದು ಓಲಾಡುತ್ತದೆ, ಸಂಕೇತದ ಇಕ್ಕೆಲಗಳಲ್ಲಿ ಸುಳ್ಳು ಗೆರೆಗಳು ಏಳುತ್ತವೆ, ಹೆಚ್ಚಾದರೆ ಪ್ರೋಬಿನ (ಯಂತ್ರದಲ್ಲಿ ಸಂಕೇತ ಹಿಡಿಯುವ ಭಾಗದ) ಒಳಗೇ ಟ್ಯೂಬ್ ಮುರಿಯುವ ಅಪಾಯವೂ ಇದೆ.

ಆದ್ದರಿಂದ ಪೆಟ್ಟಿಗೆ ಬಂದ ಕೂಡಲೇ ಮಾಡಬೇಕಾದ ಪರೀಕ್ಷೆ ಸರಳ: ಸಮತಟ್ಟಾದ ಮೇಜಿನ ಅಂಚಿನಲ್ಲಿ ಕವಾಟ ಹೊರಗೆ ಚಾಚಿರುವಂತೆ ಕೊಳವೆಯನ್ನಿಟ್ಟು ನಿಧಾನವಾಗಿ ಉರುಳಿಸಿ, ತಲೆ ವೃತ್ತ ಬರೆಯುತ್ತಿದೆಯೇ ಎಂದು ನೋಡಬೇಕು. ಒಬ್ಬ ಸರಬರಾಜುದಾರರಿಂದ ನಾವು ತರಿಸಿದ ಟ್ಯೂಬುಗಳಲ್ಲಿ ಒಂದು ಹೀಗೆ ಎದ್ದು ಕಾಣುವಂತೆ ಓಲಾಡುತ್ತಿತ್ತು. ದೂರು ಕೊಟ್ಟಾಗ ಅದು ಅನುಮತಿಸಿದ ಮಿತಿಯ ಒಳಗೇ ಇದೆ ಎಂಬ ಉತ್ತರ ಬಂತು. ಆ ಮಿತಿ ಯಾರದೆಂದು ಕೇಳಿದ ಪತ್ರಕ್ಕೆ ಉತ್ತರ ಬರಲಿಲ್ಲ. ಆ ಟ್ಯೂಬನ್ನು ತಿರುಗಿಸದೆ ಬಳಸುತ್ತೇವೆ. ಇಂದಿನ ಯಂತ್ರಗಳಲ್ಲಿ ರಂಜಕದ ರೋಹಿತಕ್ಕೆ ತಿರುಗುವಿಕೆ ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ.

ಬಳಕೆಯ ಕ್ರಮದಲ್ಲಿ ಹೇಳಲೇಬೇಕಾದ ಮಾತು ಅನಿಲ ಹೊರದೂಡುವುದರ ಬಗೆಗಿನದು. ಸುಮಾರು 0.6 ಮಿಲಿಲೀಟರ್ ದ್ರಾವಣವನ್ನು ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ, ಕವಾಟ ತೆರೆದು ನಿರ್ವಾತಕ್ಕೆ ಒಡ್ಡಿ, ಮುಚ್ಚಿ ಕರಗಿಸಿ, ಇದನ್ನೇ ಮೂರು ಬಾರಿ ಮಾಡುವುದು ರೂಢಿ. ಕರಗಿಸುವಾಗ ಮೇಲಿನಿಂದ ಕೆಳಕ್ಕೆ ಕರಗುವಂತೆ ನೋಡಿಕೊಳ್ಳಬೇಕು. ಕೆಳಭಾಗ ಮೊದಲು ಕರಗಿ ಹಿಗ್ಗಿದರೆ, ಮೇಲಿನ ಗಟ್ಟಿ ಬಿರಡೆ ಜಾಗ ಬಿಡದೆ ತೆಳುಗೋಡೆ ಸೀಳುತ್ತದೆ, ಬೆಂಜೀನ್‌ನಂಥ ದ್ರಾವಕದಲ್ಲಿ ವಿಶೇಷವಾಗಿ. ಇದಕ್ಕಿಂತ ಗಂಭೀರವಾದದ್ದು ಆರ್ಗಾನ್‌ನ ಅಪಾಯ. ಆರ್ಗಾನ್ −186 ಡಿಗ್ರಿಯಲ್ಲಿ ದ್ರವವಾಗುತ್ತದೆ, ದ್ರವ ನೈಟ್ರೋಜನ್ ಇರುವುದು −196ರಲ್ಲಿ. ಟ್ಯೂಬ್ ದ್ರವ ನೈಟ್ರೋಜನ್ನಿನಲ್ಲಿ ಮುಳುಗಿರುವಾಗಲೇ ಅದನ್ನು ಆರ್ಗಾನ್ ಲೈನಿಗೆ ತೆರೆದರೆ ಆರ್ಗಾನ್ ಒಳಗೆ ದ್ರವವಾಗಿ ಇಳಿಯುತ್ತದೆ. ಒಂದು ಮಿಲಿಲೀಟರ್ ದ್ರವ ಆರ್ಗಾನ್ ಬೆಚ್ಚಗಾದಾಗ 800 ಮಿಲಿಲೀಟರಿಗೂ ಹೆಚ್ಚು ಅನಿಲ. ಕವಾಟ ಮುಚ್ಚಿದ್ದರೆ ಮುಂದಾಗುವುದನ್ನು ವಿವರಿಸಬೇಕಾಗಿಲ್ಲ. ಈ ಟ್ಯೂಬಿನ ಜೊತೆ ಬರುವ ಚೀಟಿಗಳಲ್ಲಿ ಒತ್ತಡದ ಮಿತಿಯನ್ನು ಬರೆದಿರುವುದುಂಟು, ಆದರೆ ಈ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದವರನ್ನು ನಾನು ಕಂಡಿಲ್ಲ. ಹೊಸ ವಿದ್ಯಾರ್ಥಿಗಳ ಕೈಗೆ ಟ್ಯೂಬ್ ಕೊಡುವ ಮೊದಲು ಇದನ್ನು ಹೇಳಿಕೊಡುವುದು ಹಿರಿಯರ ಹೊಣೆ.

ಟ್ಯೂಬಿನ ಶಕ್ತಿ ಪೂರ್ತಿ ಕಾಣುವುದು ಹೈಡ್ರೋಜನ್ ಅನಿಲದ ಪ್ರಯೋಗಗಳಲ್ಲಿ. ವಿಲ್ಕಿನ್ಸನ್ ವೇಗವರ್ಧಕವೆಂದೇ ಹೆಸರಾದ ರೋಡಿಯಂ ಸಂಕೀರ್ಣವನ್ನು ತೆಗೆದುಕೊಳ್ಳಿ: ಒಂದು ರೋಡಿಯಂ, ಒಂದು ಕ್ಲೋರಿನ್, ಮೂರು ಟ್ರೈಫೀನೈಲ್‌ಫಾಸ್ಫೀನ್. ಇದರ ಹತ್ತು ಮಿಲಿಗ್ರಾಂ, ಅಂದರೆ ಸುಮಾರು 0.011 ಮಿಲಿಮೋಲ್, ಡ್ಯೂಟೆರಿಯಂ ಡೈಕ್ಲೋರೊಮೀಥೇನ್‌ನಲ್ಲಿ ಕರಗಿ ಗಾಢ ಕೆಂಪು ದ್ರಾವಣವಾಗುತ್ತದೆ. ಕವಾಟ ಮುಚ್ಚಿ ರಂಜಕದ ರೋಹಿತ ತೆಗೆದರೆ 48 ಪಿಪಿಎಂ ಬಳಿ ಕ್ಲೋರಿನ್‌ಗೆ ಎದುರಿರುವ ಒಂಟಿ ಫಾಸ್ಫೀನ್, 31ರ ಬಳಿ ಪರಸ್ಪರ ಎದುರಿರುವ ಜೋಡಿ ಫಾಸ್ಫೀನ್, ಒಂದಕ್ಕೆ ಎರಡರ ಅನುಪಾತದಲ್ಲಿ ಕಾಣುತ್ತವೆ. ರೋಡಿಯಂ-103 ಕೂಡ ನೂರಕ್ಕೆ ನೂರು ಅರ್ಧ ಸ್ಪಿನ್ನಿನ ಪರಮಾಣುವಾದ್ದರಿಂದ ಪ್ರತಿ ಗೆರೆಯೂ ಅದರಿಂದ ಇಬ್ಭಾಗವಾಗುತ್ತದೆ: ಮೊದಲನೆಯದರಲ್ಲಿ ಸುಮಾರು 190 ಹರ್ಟ್ಜ್, ಎರಡನೆಯದರಲ್ಲಿ 140ಕ್ಕೆ ತುಸು ಮೇಲೆ. ಆಮ್ಲಜನಕ ನುಸುಳಿದ್ದರೆ ಆಕ್ಸೈಡಿನ ಗೆರೆ ಈ ಎರಡನೆಯ ಗುಂಪಿನ ಪಕ್ಕದಲ್ಲೇ, ಯಾವ ಕವಲೂ ಇಲ್ಲದೆ ಒಂಟಿಯಾಗಿ ನಿಂತಿರುತ್ತದೆ. ಅದು ಇಲ್ಲದ ರೋಹಿತವೇ ಟ್ಯೂಬಿಗೆ ಸಲ್ಲುವ ಮೊದಲ ಪ್ರಮಾಣಪತ್ರ.

ಈಗ ದ್ರಾವಣವನ್ನು ಹೆಪ್ಪುಗಟ್ಟಿಸಿ, ನಿರ್ವಾತ ಮಾಡಿ, ಕರಗಿಸಿದ ಮೇಲೆ ಒಂದು ವಾತಾವರಣ ಒತ್ತಡದಲ್ಲಿ ಹೈಡ್ರೋಜನ್ ಬಿಟ್ಟು ಕವಾಟ ಮುಚ್ಚಬೇಕು. ಟ್ಯೂಬನ್ನು ನಿಲ್ಲಿಸಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ದ್ರವದ ಮೇಲ್ಭಾಗದಲ್ಲಿ ಮಾತ್ರ ಬಣ್ಣ ತಿಳಿಯಾಗುತ್ತದೆ, ಕೆಳಗೆ ಕೆಂಪು ಹಾಗೆಯೇ ಇರುತ್ತದೆ. ಟ್ಯೂಬನ್ನು ಬುಡಮೇಲು ಮಾಡುತ್ತಾ ಗುಳ್ಳೆಯನ್ನು ಆಚೆಯಿಂದೀಚೆಗೆ ಓಡಿಸಿದಾಗ ಕೆಂಪು ಕರಗಿ ತಿಳಿ ಹಳದಿ ಬರುತ್ತದೆ. ಪ್ರೋಟಾನ್ ರೋಹಿತದಲ್ಲಿ −9 ಮತ್ತು −17ರ ಆಸುಪಾಸಿನಲ್ಲಿ, ಬೇರೆ ಯಾವ ಪ್ರೋಟಾನೂ ಸುಳಿಯದ ಜಾಗದಲ್ಲಿ, ಲೋಹಕ್ಕೆ ಅಂಟಿದ ಎರಡು ಹೈಡ್ರೈಡ್‌ಗಳು ತೋರುತ್ತವೆ. ಕೋಣೆಯ ಉಷ್ಣತೆಯಲ್ಲಿ ಅವು ಮಂದವಾಗಿ ಹರಡಿಕೊಂಡಿದ್ದರೆ ಹೆದರಬೇಕಿಲ್ಲ. ಹೈಡ್ರೈಡಿಗೆ ಎದುರಿರುವ ಫಾಸ್ಫೀನ್ ಕಳಚುತ್ತಾ ಕೂಡುತ್ತಾ ಇರುವುದರ ಫಲವದು, ಪ್ರೋಬನ್ನು ತಂಪು ಮಾಡಿದರೆ ಗೆರೆಗಳು ಚೂಪಾಗುತ್ತವೆ. ಮತ್ತೆ ಅದೇ ಟ್ಯೂಬನ್ನು ನಿರ್ವಾತಕ್ಕೆ ತೆರೆದು ಹೈಡ್ರೋಜನ್ ಎಳೆದುಬಿಟ್ಟರೆ ಕೆಂಪು ಮರಳುತ್ತದೆ. ಒಂದೇ ಹತ್ತು ಮಿಲಿಗ್ರಾಂ ಮಾದರಿಯಲ್ಲಿ ಕೂಡಿಕೆ, ಪುರಾವೆ, ಹಿಮ್ಮರಳಿಕೆ ಮೂರೂ ಮುಗಿದವು, ಹೊರಗಿನ ಗಾಳಿ ಒಮ್ಮೆಯೂ ಸೋಕಲಿಲ್ಲ. ಸೆಪ್ಟಮ್ ಹಾಕಿದ ಟ್ಯೂಬಿನಲ್ಲಿ ಇದನ್ನು ಇಷ್ಟು ಶುದ್ಧವಾಗಿ ಮಾಡಲಾಗದು.

ಇಲ್ಲಿಯೇ ಟ್ಯೂಬಿನ ಮಿತಿಯೂ ಹೊರಬೀಳುತ್ತದೆ. ದ್ರಾವಣದ ಮೇಲೆ ಉಳಿಯುವ ಖಾಲಿ ಜಾಗ ಸುಮಾರು ಒಂದೂವರೆ ಮಿಲಿಲೀಟರ್ ಎಂದಿಟ್ಟುಕೊಂಡರೆ, ಒಂದು ವಾತಾವರಣದಲ್ಲಿ ಅದು ಹಿಡಿಯುವ ಹೈಡ್ರೋಜನ್ 0.06 ಮಿಲಿಮೋಲ್ ಅಷ್ಟೇ. ಸಂಕೀರ್ಣಕ್ಕೆ ಅದು ಐದಾರು ಪಟ್ಟು, ಸಾಕಷ್ಟಾಯಿತು. ಆದರೆ ಇಪ್ಪತ್ತು ಪಟ್ಟು ಆಲ್ಕೀನ್ ಹಾಕಿ ವೇಗವರ್ಧನೆ ನೋಡಹೊರಟರೆ ಹೈಡ್ರೋಜನ್ ಅರ್ಧ ದಾರಿಗೂ ಮುನ್ನ ಮುಗಿಯುತ್ತದೆ. ತಲೆಯ ಹೊರತು ಉಳಿದ ಟ್ಯೂಬನ್ನು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ ಅನಿಲ ತುಂಬಿದರೆ ಬೆಚ್ಚಗಾದ ಮೇಲೆ ಒತ್ತಡ ನಾಲ್ಕು ವಾತಾವರಣದ ಹತ್ತಿರಕ್ಕೆ ಏರುತ್ತದೆ ಎಂಬುದು ಎಲ್ಲರೂ ಬಲ್ಲ ಉಪಾಯ. ಅದನ್ನು ತೆಳುಗೋಡೆಯ ಟ್ಯೂಬಿನಲ್ಲಿ ಮಾಡಬಾರದು, ದಪ್ಪಗೋಡೆಯ ಮಾದರಿಯನ್ನೇ ಕೊಳ್ಳಬೇಕು, ಆಗಲೂ ಮುಖದ ಮುಂದೆ ರಕ್ಷಾಫಲಕ ಇರಬೇಕು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಕಲಕುವಿಕೆಯದು. ಐದು ಮಿಲಿಮೀಟರಿನ ಕಿರಿದಾದ ಕೊಳವೆಯಲ್ಲಿ, ಯಂತ್ರದೊಳಗೆ ನಿಶ್ಚಲವಾಗಿ ನಿಂತ ದ್ರಾವಣಕ್ಕೆ ಮೇಲಿನ ಅನಿಲ ಇಳಿಯುವುದು ಬಹು ನಿಧಾನ. ಹಾಗೆ ಅಳೆದ ವೇಗ ರಾಸಾಯನಿಕ ಕ್ರಿಯೆಯದಲ್ಲ, ಅನಿಲ ಇಳಿಯುವುದರ ವೇಗ. ಅನಿಲ ಭಾಗವಹಿಸುವ ಕ್ರಿಯೆಗಳ ವೇಗಾಂಕವನ್ನು ಜೆ. ಯಂಗ್ ಟ್ಯೂಬಿನಲ್ಲಿ ಅಳೆದ ವರದಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಪ್ರಮಾಣ ಲೆಕ್ಕ ಹಾಕುವವರಿಗೆ ಇನ್ನೊಂದು ಮಾತು. ಕರಗಿದ ಆಮ್ಲಜನಕ ಅನುಕಾಂತೀಯ (ಕಾಂತಕ್ಷೇತ್ರಕ್ಕೆ ಎಳೆಯಲ್ಪಡುವ) ಗುಣದ್ದಾದ್ದರಿಂದ ರಂಜಕದ ಸ್ಪಿನ್‌ಗಳು ಬೇಗ ವಿಶ್ರಾಂತಿಗೆ ಮರಳಲು ಅದು ನೆರವಾಗುತ್ತಿರುತ್ತದೆ. ಚೆನ್ನಾಗಿ ಅನಿಲ ತೆಗೆದು ಮುಚ್ಚಿದ ಟ್ಯೂಬಿನಲ್ಲಿ ಆ ನೆರವು ಇಲ್ಲ. ಸ್ವತಂತ್ರ ಟ್ರೈಫೀನೈಲ್‌ಫಾಸ್ಫೀನ್‌ನಂಥ ಅಣುವಿನ ವಿಶ್ರಾಂತಿಯ ಕಾಲ ಹತ್ತು ಸೆಕೆಂಡನ್ನು ಸುಲಭವಾಗಿ ಮೀರುತ್ತದೆ. ಯಂತ್ರದಲ್ಲಿ ಮೊದಲೇ ಇರಿಸಿದ ಒಂದೆರಡು ಸೆಕೆಂಡಿನ ವಿರಾಮದಲ್ಲಿ ತೆಗೆದ ರೋಹಿತದ ವಿಸ್ತೀರ್ಣಗಳನ್ನು ಕೂಡಿಸಿ ಇಳುವರಿ ಹೇಳಿದರೆ, ಉಳಿದ ಫಾಸ್ಫೀನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ವಿರಾಮವನ್ನು ವಿಶ್ರಾಂತಿ ಕಾಲದ ಐದು ಪಟ್ಟಿಗೆ ಏರಿಸಿ, ಸಂಕೇತ ಹಿಡಿಯುವಾಗ ಮಾತ್ರ ಪ್ರೋಟಾನ್ ಬೇರ್ಪಡಿಸುವ (ರಂಜಕದ ಗೆರೆಯ ಮೇಲೆ ಪ್ರೋಟಾನ್‌ಗಳ ಪ್ರಭಾವವನ್ನು ತೆಗೆಯುವ) ಕ್ರಮವನ್ನು ಬಳಸಬೇಕು. ಟ್ಯೂಬ್ ಒಳ್ಳೆಯದಾದಷ್ಟೂ ಈ ದೋಷ ಹೆಚ್ಚು ಕಾಡುತ್ತದೆ.

ಎಲ್ಲಕ್ಕೂ ಇದೇ ಟ್ಯೂಬ್ ಬೇಕೆಂಬ ಹಟವನ್ನು ಕೆಲವು ಪ್ರಯೋಗಶಾಲೆಗಳಲ್ಲಿ ಕಾಣುತ್ತೇವೆ. ಪ್ಲಾಟಿನಂ ಡೈಕ್ಲೋರೈಡಿನ ಟ್ರೈಈಥೈಲ್‌ಫಾಸ್ಫೀನ್ ಸಂಕೀರ್ಣಗಳನ್ನೇ ನೋಡಿ. ನೂರರಲ್ಲಿ ಸುಮಾರು 34 ಪ್ಲಾಟಿನಂ ಪರಮಾಣುಗಳು ಅರ್ಧ ಸ್ಪಿನ್ನಿನ ಪ್ಲಾಟಿನಂ-195 ಆಗಿರುವುದರಿಂದ ರಂಜಕದ ಮುಖ್ಯ ಗೆರೆಯ ಎರಡೂ ಬದಿಗೆ ಉಪಗೆರೆಗಳು ಏಳುತ್ತವೆ. ಅವುಗಳ ನಡುವಿನ ಅಂತರ ಸುಮಾರು 3500 ಹರ್ಟ್ಜ್ ಇದ್ದರೆ ಸಿಸ್ (ಎರಡು ಫಾಸ್ಫೀನ್‌ಗಳು ಅಕ್ಕಪಕ್ಕ), 2400ರ ಬಳಿ ಇದ್ದರೆ ಟ್ರಾನ್ಸ್ (ಅವು ಎದುರುಬದುರು). ಕ್ಷ-ಕಿರಣ ಸ್ಫಟಿಕ ವಿಶ್ಲೇಷಣೆಗೆ ಕಾಯದೆ ರಚನೆ ಗೊತ್ತಾಗುವ ಇಂಥ ಸೊಗಸಾದ ಪುರಾವೆ ಬೇರೆ ಲೋಹಗಳಲ್ಲಿ ಅಪರೂಪ. ಆದರೆ ಈ ಸಂಕೀರ್ಣಗಳು ಗಾಳಿಗೆ ಬೆದರುವಂಥವಲ್ಲ, ಸಾಧಾರಣ ಟ್ಯೂಬ್ ಮತ್ತು ಪ್ಲಾಸ್ಟಿಕ್ ಮುಚ್ಚಳ ಧಾರಾಳವಾಗಿ ಸಾಕು. ಸಾಧಾರಣ ಟ್ಯೂಬಿನ ಹತ್ತು ಪಟ್ಟಿಗೂ ಮೇಲೆ ಬೆಲೆಯಿರುವ, ಸಾಮಾನ್ಯವಾಗಿ ಹೊರದೇಶದಿಂದ ಬರಬೇಕಾದ ಸಾಧನವನ್ನು ಇಂಥ ಕೆಲಸಕ್ಕೆ ಸವೆಸುವುದು ಜಾಣತನವಲ್ಲ.

ಕರ್ನಾಟಕದಲ್ಲಿ ಈ ಬಗೆಯ ರಸಾಯನಕ್ಕೆ ಹಳೆಯ ನೆಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಎಸ್. ಕೃಷ್ಣಮೂರ್ತಿಯವರ ಗುಂಪು ಸೈಕ್ಲೋಫಾಸ್ಫಜೀನ್‌ಗಳ (ರಂಜಕ ಮತ್ತು ಸಾರಜನಕದ ಉಂಗುರಗಳ) ಮೇಲೆ, ಬಳಿಕ ಎರಡು ರಂಜಕಗಳ ನಡುವೆ ಸಾರಜನಕವಿರುವ ಡೈಫಾಸ್ಫಜೇನ್ ಲಿಗ್ಯಾಂಡ್‌ಗಳ (ಲೋಹಕ್ಕೆ ಅಂಟುವ ಅಣುಗಳ) ಮೇಲೆ ಕೆಲಸ ಮಾಡಿತು. ಅದೇ ಸಂಸ್ಥೆಯ ಬಾಲಾಜಿ ಜಾಗೀರ್ದಾರ್ ಅವರ ಗುಂಪು ಫಾಸ್ಫೀನ್ ಹೊತ್ತ ರುಥೇನಿಯಂ ಮುಂತಾದ ಲೋಹಗಳಿಗೆ ಹೈಡ್ರೋಜನ್ ಅಣು ಒಡೆಯದೆ ಅಂಟಿಕೊಳ್ಳುವ ಸಂಕೀರ್ಣಗಳನ್ನು ಅಧ್ಯಯನ ಮಾಡಿದೆ. ಹೈಡ್ರೋಜನ್ ಅಣುವಿನ ಇಂಥ ಸಂಕೀರ್ಣವನ್ನು ಅಮೆರಿಕದ ಲಾಸ್ ಅಲಮೋಸ್‌ನ ಗ್ರೆಗರಿ ಕ್ಯೂಬಾಸ್ 1984ರಲ್ಲಿ ಟಂಗ್‌ಸ್ಟನ್ ಮತ್ತು ಟ್ರೈಐಸೊಪ್ರೊಪೈಲ್‌ಫಾಸ್ಫೀನ್ ಬಳಸಿ ಪ್ರಕಟಿಸಿದ್ದರು. ಹೈಡ್ರೋಜನ್ನಿನ ಒತ್ತಡ ಇದ್ದಾಗ ಮಾತ್ರ ಉಳಿಯುವ ಈ ಬಗೆಯ ದುರ್ಬಲ ಸಂಕೀರ್ಣಗಳಿಗೆ ಅನಿಲ ಹಿಡಿದಿಡುವ ಕವಾಟದ ಟ್ಯೂಬ್ ಐಷಾರಾಮವಲ್ಲ, ಅಗತ್ಯ.

ದೋಷಗಳ ಪೈಕಿ ನನ್ನನ್ನು ಹೆಚ್ಚು ಕಾಡುವುದು ಟೆಫ್ಲಾನ್ ಮೊಳೆ. ಬಿಸಿಗೆ ಟೆಫ್ಲಾನ್ ಹಿಗ್ಗುವ ಪ್ರಮಾಣ ಬೋರೊಸಿಲಿಕೇಟ್ ಗಾಜಿನ ಹತ್ತಾರು ಪಟ್ಟು. ಎಣ್ಣೆಯ ತೊಟ್ಟಿಯಲ್ಲಿ ಕಾಯಿಸಿದ ಟ್ಯೂಬ್ ತಣ್ಣಗಾದಾಗ ಮೊಳೆ ಕುಗ್ಗಿ, ಒತ್ತಡದಲ್ಲಿ ಆಕಾರವನ್ನೂ ತುಸು ಬದಲಿಸಿಕೊಂಡು, ಆಸನದ ಮೇಲೆ ಸಡಿಲವಾಗಿ ಕೂತಿರುತ್ತದೆ. ತಣ್ಣಗಾದ ಕೂಡಲೇ ಕಾಲು ಸುತ್ತು ಬಿಗಿ ಮಾಡದೆ ಶೆಲ್ಫಿಗೆ ಏರಿಸಿದರೆ ವಾರದ ಕೊನೆಗೆ ಆಕ್ಸೈಡಿನ ಗೆರೆ ಹಾಜರು. ಇದೇ ಕಾರಣಕ್ಕೆ ದ್ರವ ನೈಟ್ರೋಜನ್ನಿನಲ್ಲಿ ಕವಾಟದ ತಲೆಯನ್ನು ಮುಳುಗಿಸಬಾರದು, ಮೊಳೆ ತೊಡಿಸಿದ ಟ್ಯೂಬನ್ನು ಒವನ್ನಿನಲ್ಲಿ ಒಣಗಿಸಬಾರದು. ಪೊಟ್ಯಾಸಿಯಂ ಗ್ರಾಫೈಟ್, ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದಂಥ ಅಪಕರ್ಷಣಕಾರಿಗಳು ಟೆಫ್ಲಾನನ್ನು ತಿಂದು ಕಪ್ಪು ಮಾಡುತ್ತವೆ, ಅಂಥ ಕ್ರಿಯೆಗಳನ್ನು ಇದರಲ್ಲಿ ಮಾಡುವಾಗ ಟ್ಯೂಬನ್ನು ತಲೆಕೆಳಗು ಮಾಡಬೇಡಿ. ತಲೆಭಾರದ ಕಾರಣಕ್ಕೆ ಸಾಮಾನ್ಯ ಸ್ಟ್ಯಾಂಡಿನಲ್ಲಿ ಇದು ವಾಲುತ್ತದೆ, ಹಲವು ಯಂತ್ರಗಳ ಸ್ವಯಂಚಾಲಿತ ಮಾದರಿ ಬದಲಾವಣೆಯ ತಟ್ಟೆಗಳು ಇದರ ಉದ್ದ ಮತ್ತು ತಲೆಯ ಅಗಲವನ್ನು ಒಪ್ಪುವುದಿಲ್ಲ. ಎನ್‌ಎಂಆರ್ ಸೌಲಭ್ಯ ನೋಡಿಕೊಳ್ಳುವವರನ್ನು ಮೊದಲೇ ವಿಚಾರಿಸದೆ ಆರ್ಡರ್ ಕೊಡಬಾರದು. ತೊಳೆಯುವುದೂ ಕಿರಿಕಿರಿಯೇ, ಪಲ್ಲಾಡಿಯಂ ಲೋಹದ ಕಪ್ಪು ಪುಡಿ ಒಮ್ಮೆ ಬುಡದಲ್ಲಿ ಕೂತರೆ ಕವಾಟದ ಕಿರಿದಾದ ದಾರಿಯಲ್ಲಿ ಕುಂಚ ಇಳಿಯುವುದಿಲ್ಲ, ರಾಜಾಮ್ಲವೇ ಗತಿ. ಸ್ಫಟಿಕಗಳು ಇದರೊಳಗೆ ಚೆನ್ನಾಗಿ ಬೆಳೆಯುತ್ತವೆ ನಿಜ, ಅವನ್ನು ಒಡೆಯದೆ ಹೊರತೆಗೆಯುವ ದಾರಿ ಮಾತ್ರ ಇಲ್ಲ.

ಇಷ್ಟಾದರೂ ಹೊಸದಾಗಿ ಪ್ರಯೋಗಶಾಲೆ ಕಟ್ಟುವವರಿಗೆ ನನ್ನ ಸಲಹೆ ಎರಡೋ ಮೂರೋ ತೆಳುಗೋಡೆಯ ಟ್ಯೂಬು, ಹೈಡ್ರೋಜನ್ ಅಥವಾ ಕಾರ್ಬನ್ ಮಾನಾಕ್ಸೈಡಿನ ಕೆಲಸ ಇದ್ದರೆ ಒಂದು ದಪ್ಪಗೋಡೆಯದು ಎಂಬುದೇ. ಡಜನ್‌ಗಟ್ಟಲೆ ತರಿಸುವ ಹಣದಲ್ಲಿ ಒಳ್ಳೆಯ ನಿರ್ವಾತ ಪಂಪಿನ ಎಣ್ಣೆಯೂ ಡ್ಯೂಟೆರಿಯಂ ದ್ರಾವಕವೂ ಬರುತ್ತವೆ. ಆರ್ಡರಿನ ಜೊತೆಗೇ ಬಿಡಿ ಟೆಫ್ಲಾನ್ ಮೊಳೆಗಳನ್ನೂ ತರಿಸಿಕೊಳ್ಳಿ, ಅದೂ ಟ್ಯೂಬ್ ಮಾಡಿದವರದ್ದೇ ಆಗಿರಲಿ: ಬೇರೆ ಬೇರೆ ತಯಾರಕರ ತಿರುಪಿನ ಅಳತೆ ನೋಡಲು ಒಂದೇ ಎನ್ನಿಸಿದರೂ ಆಸನದ ಇಳಿಜಾರು ಹೊಂದಿಕೊಳ್ಳುವುದಿಲ್ಲ, ಕೈಗೆ ಬಿಗಿಯಾಗಿಯೇ ಸಿಕ್ಕಿದ ಮೊಳೆ ಪಂಪಿಗೆ ಜೋಡಿಸಿದಾಗ ಸೋರುತ್ತದೆ.